ಮಗಳ ಎತ್ತರ, ಅಪ್ಪನ ಡೈರಿ

ನಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ 32 ವರ್ಷ ಗುಮಾಸ್ತರಾಗಿದ್ದರು. ಹಮಾಲರು ಚೀಲ ತೂಗೋದು, ಇವರು ಬರೆಯೋದು, ಸಂಜೆ ಕೂಡಿಸಿ ತಾಳೆ ನೋಡೋದು. ರಿಟೈರಾಗಿ ಕದರಮಂಡಲಗಿಯ ಮನೆಯಲ್ಲಿ ಕೂತ ಮೇಲೂ ಆ ಚಾಳಿ ಬಿಡಲಿಲ್ಲ. ಹಾಲಿನ ಲೆಕ್ಕ, ಕರೆಂಟ್ ಬಿಲ್ಲು, ಸಿಲಿಂಡರ್ ಬಂದ ತಾರೀಕು, ಯಾರ ಮದುವೆಗೆ ಎಷ್ಟು ಮುಯ್ಯಿ, ಎಲ್ಲವೂ ಒಂದು ಪಾಕೆಟ್ ಡೈರಿಯಲ್ಲಿ. ಅದರ ಕೊನೆಯ ಹಾಳೆಯಲ್ಲಿ ಮೊಮ್ಮಕ್ಕಳ ಎತ್ತರ. ಪ್ರತಿ ಮೇ ತಿಂಗಳಲ್ಲಿ ನಾವು ರಜೆಗೆ ಹೋದ ಮಾರನೇ ದಿನ ಬೆಳಿಗ್ಗೆ ಮಕ್ಕಳನ್ನು ಪಡಸಾಲೆಯ ಗೋಡೆಗೆ ನಿಲ್ಲಿಸಿ, ತಲೆ ಮೇಲೆ ಪಂಚಾಂಗ ಇಟ್ಟು, ಟೇಪಿನಿಂದ ಅಳೆದು ಬರೆದುಕೊಳ್ಳುತ್ತಿದ್ದರು. ಹೊಸ ವರ್ಷದ ಡೈರಿ ಬಂದಾಗ ಹಳೆಯ ಅಂಕಿಗಳನ್ನೂ ಅದಕ್ಕೆ ಇಳಿಸೋರು, ಹಿಂದಿನ ಬಾಕಿ ಇಳಿಸಿಕೊಂಡ ಹಾಗೆ.

ನಮಗೆಲ್ಲ ಅದೊಂದು ತಮಾಷೆ. ನನ್ನ ತಮ್ಮನಂತೂ, "ಅಪ್ಪಾ, ಇವು ಮಕ್ಕಳು, ಡಬ್ಬಿ ಮೆಣಸಿನಕಾಯಿ ಚೀಲ ಅಲ್ಲ" ಅಂತ ಕಾಡಿಸುತ್ತಿದ್ದ.

2019ರ ಮೇನಲ್ಲಿ ಅಪ್ಪ ಮೊದಲ ಸಲ ಆ ಮಾತು ಹೇಳಿದ್ದು. ಹಿತ್ತಲಲ್ಲಿ ಬಟ್ಟೆ ಒಣ ಹಾಕುತ್ತಿದ್ದೆ. ಡೈರಿ ಹಿಡಿದು ಬಂದರು.

"ಯವ್ವಾ, ಈಕಿ ಲೆಕ್ಕ ತಾಳೆ ಆಗವಲ್ದು ನೋಡು. ತಮ್ಮನ ಮಗ ಎರಡೂವರಿ ಇಂಚು ಏರ್‍ಯಾನ. ಈಕಿ ಬರೇ ಒಂದೂವರಿ."

"ಅವನು ಗಂಡು ಹುಡುಗ ಅಲ್ಲೇನಪ್ಪಾ" ಅಂದೆ.

"ಹೋದ ವರ್ಷ ಇಬ್ಬರ ನಡುವ ಒಂದ ಇಂಚು ಫರಕು ಇತ್ತು. ಈ ವರ್ಷ ಎರಡು. ಅವ ಈಕಿಗಿಂತ ಎಂಟು ತಿಂಗಳಿಗೆ ಸಣ್ಣಾವ."

ಒಳಗಿಂದ ಅವ್ವ ಕೂಗಿದಳು, "ನಮ್ಮ ಮನಿತನಾನ ಗಿಡ್ಡ ಬಿಡ್ರಿ. ಹೆಣ್ಣು ಹುಡುಗಿ ಸ್ವಲ್ಪ ಗಿಡ್ಡಾದರ ಏನಾತು? ಮುಂದ ಗಂಡು ಹುಡುಕೂದು ಸಲೀಸು." ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇದನ್ನು ಬರೆಯೋಕೆ ಮಗಳ ಒಪ್ಪಿಗೆ ಕೇಳಿದೆ. ಅವಳಿಗೀಗ ಹದಿನಾಲ್ಕು. ಎರಡು ದಿನ ಯೋಚನೆ ಮಾಡಿ, "ಹೆಸರು ಹಾಕ್ಬೇಡ. ಉಳಿದಿದ್ದು ಬರಿ. ಆದ್ರೆ ಅಳೋ ಥರ ಬರೀಬೇಡ" ಅಂದಳು. ಪ್ರಯತ್ನ ಮಾಡುತ್ತೇನೆ.

ನಾನೇನೂ ಪೂರ್ತಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಆ ವರ್ಷವೇ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ಅವರು ನನ್ನನ್ನೊಮ್ಮೆ, ನಮ್ಮ ಮನೆಯವರನ್ನೊಮ್ಮೆ ನೋಡಿ, "ನೀವಿಬ್ಬರೂ ಎತ್ತರ ಇಲ್ವಲ್ಲ" ಅಂದು ಒಂದು ಟಾನಿಕ್ ಬರೆದುಕೊಟ್ಟರು. ಅಳೆಯಲಿಲ್ಲ. ನಾನೂ ಅಳೆಯಿರಿ ಅಂತ ಕೇಳಲಿಲ್ಲ. ಮನೆಗೆ ಬಂದು ಆನ್‌ಲೈನ್‌ನಲ್ಲಿ ಎತ್ತರ ಹೆಚ್ಚಿಸುವ ಚಾಕಲೇಟ್ ಪೌಡರ್ ತರಿಸಿದೆ. ಬಾಗಿಲಿಗೆ ಜೋತು ಬೀಳೋಕೆ ಒಂದು ಕಬ್ಬಿಣದ ಸರಳು ಬಂತು. ಅದರ ಮೇಲೆ ಈಗ ಟವೆಲ್ ಒಣಗುತ್ತವೆ.

ಇನ್ನೊಂದು ಸುಳಿವು ಕಣ್ಣೆದುರೇ ನೇತಾಡುತ್ತಿತ್ತು, ಯೂನಿಫಾರ್ಮು. ಅಕ್ಕಪಕ್ಕದ ತಾಯಂದಿರು ಪ್ರತಿ ಜೂನಿನಲ್ಲಿ ಹೊಸದು ಹೊಲಿಸುತ್ತಿದ್ದರೆ ನನ್ನ ಮಗಳದು ಎರಡನೇ ವರ್ಷವೂ ಆಗುತ್ತಿತ್ತು, ಮೂರನೇ ವರ್ಷವೂ ಆಗುತ್ತಿತ್ತು. ನಾನು ಅದನ್ನು ಉಳಿತಾಯ ಅಂದುಕೊಂಡಿದ್ದೆ.

ಆಮೇಲೆ ಕೊರೊನಾ ಬಂತು. ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದೆವು. ನೆಟ್‌ವರ್ಕ್‌ಗಾಗಿ ಮಾಳಿಗೆ ಮೇಲೆ ಕೊಡೆ ಹಿಡಿದು ಮೀಟಿಂಗ್ ಮಾಡಿದ ಗುಂಪಿಗೆ ನೀವೂ ಸೇರಿದವರಾದರೆ ಆ ದಿನಗಳು ನಿಮಗೂ ನೆನಪಿರಬಹುದು. ಶಾಲೆ ಆನ್‌ಲೈನು. ಪರದೆಯ ಮೇಲೆ ಎಲ್ಲ ಮಕ್ಕಳ ಮುಖವೂ ಒಂದೇ ಅಳತೆಯ ಚೌಕದಲ್ಲಿ. ಸಾಲಿನಲ್ಲಿ ಮುಂದೆ ನಿಲ್ಲಿಸುವ ಪಿಟಿ ಮಾಸ್ತರರೂ ಇರಲಿಲ್ಲ.

2021ರ ಮೇ, ಎರಡನೇ ಅಲೆಯ ಲಾಕ್‌ಡೌನ್. ಮತ್ತೆ ಊರಲ್ಲೇ ಇದ್ದೆವು. ಅಪ್ಪ ಅಳೆದರು. ಈ ಸಲ ನಗಲಿಲ್ಲ, ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಡೈರಿಯಲ್ಲಿ ಹೀಗಿತ್ತು: 2018ರಲ್ಲಿ 3 ಅಡಿ 5 ಇಂಚು, 2019ರಲ್ಲಿ 3 ಅಡಿ 6½, 2020ರಲ್ಲಿ 3 ಅಡಿ 8, 2021ರಲ್ಲಿ 3 ಅಡಿ 9½. ಪಕ್ಕದ ಸಾಲಿನಲ್ಲಿ ತಮ್ಮನ ಮಗ 4 ಅಡಿ 1 ಇಂಚಿಗೆ ಬಂದಿದ್ದ.

"ಗಿಡ್ಡ ಇದ್ದದ್ದಕ್ಕ ನಾ ಅಂಜಿಲ್ಲವ್ವಾ. ಫರಕು ಬೆಳಕೋಂತ ಹೊಂಟೈತಲ್ಲ, ಅದಕ್ಕ ಅಂಜಿಕಿ" ಅಂದರು ಅಪ್ಪ.

ಆಮೇಲೆ ಗೊತ್ತಾಯಿತು, ಮಕ್ಕಳ ಹಾರ್ಮೋನ್ ತಜ್ಞರು ಮೊದಲು ಕೇಳುವ ಪ್ರಶ್ನೆಯೂ ಇದೇ ಅಂತ. ಮಗು ಎಷ್ಟು ಎತ್ತರ ಇದೆ ಅನ್ನುವುದಕ್ಕಿಂತ, ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಅನ್ನುವುದು ಮುಖ್ಯ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇರುವ ಕೂಸು ಮೊದಲ ವರ್ಷದಲ್ಲೇ ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಎರಡನೇ ವರ್ಷ ಅದರ ಅರ್ಧದಷ್ಟು. ನಾಲ್ಕು ವರ್ಷ ದಾಟಿದ ಮೇಲೆ, ಹರೆಯದ ಜಿಗಿತ ಬರುವವರೆಗೂ, ವರ್ಷಕ್ಕೆ ಐದಾರು ಸೆಂ.ಮೀ. ನಾಲ್ಕಕ್ಕಿಂತ ಕೆಳಗಿಳಿದರೆ ಯಾಕೆ ಅಂತ ಹುಡುಕಬೇಕು. ನನ್ನ ಮಗಳದು ಒಂದೂವರೆ ಇಂಚು, ಅಂದರೆ 3.8 ಸೆಂ.ಮೀ. ಮೂರು ವರ್ಷವೂ ಅಷ್ಟೇ.

ಜುಲೈನಲ್ಲಿ ಬೆಂಗಳೂರಿಗೆ ಮರಳಿ ಮಕ್ಕಳ ಎಂಡೋಕ್ರೈನಾಲಜಿ ವಿಭಾಗಕ್ಕೆ ಹೋದೆವು. ಡಾಕ್ಟರ್ ಮೇಡಂ ಮೊದಲು ಜಡೆ ಬಿಚ್ಚಿಸಿದರು, ಚಪ್ಪಲಿ ಸಾಕ್ಸ್ ತೆಗೆಸಿದರು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಬೇಕು, ನೋಟ ನೇರ ಇರಬೇಕು, ಗಲ್ಲ ಮೇಲೆತ್ತಬಾರದು. ಮೂರು ಸಲ ಅಳೆದರು. ನಾನು ಅಪ್ಪನ ಡೈರಿಯ ಫೋಟೋ ತೋರಿಸಿದೆ. ಅವರು ಮೊಬೈಲ್ ಇಸಕೊಂಡು ದೊಡ್ಡದು ಮಾಡಿ ನೋಡಿ, ಅಂಕಿಗಳನ್ನೆಲ್ಲ ಭಾರತೀಯ ಮಕ್ಕಳ ಬೆಳವಣಿಗೆಯ ಚಾರ್ಟಿನ ಮೇಲೆ ಚುಕ್ಕಿ ಇಡುತ್ತಾ ಹೋದರು. ಚುಕ್ಕಿಗಳು ಕೊನೆಯ ಗೆರೆಯ ಕೆಳಗೆ, ವರ್ಷ ವರ್ಷವೂ ಇನ್ನಷ್ಟು ದೂರ ಸರಿದಿದ್ದವು. "ಯಾರ್‍ರೀ ಇದನ್ನು ಬರೆದವರು? ಮೊದಲ ಸಲ ಬರೋರು ಯಾರೂ ಇಷ್ಟು ಕ್ಲಿಯರಾಗಿ ತರೋದಿಲ್ಲ" ಅಂದರು. ಅವತ್ತು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸುಮ್ಮನೆ "ಹೂಂ" ಅಂದರು. ಆದರೆ ಊರಲ್ಲಿ ನಾಲ್ಕು ಜನಕ್ಕಾದರೂ ಹೇಳಿಕೊಂಡಿದ್ದಾರೆ ಅಂತ ಅವ್ವ ಆಮೇಲೆ ಬಾಯಿ ಬಿಟ್ಟಳು.

'ನಮ್ಮ ಮನೆತನವೇ ಗಿಡ್ಡ' ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಅಪ್ಪ ಅಮ್ಮನ ಎತ್ತರ ಕೂಡಿಸಿ, ಗಂಡು ಮಗುವಾದರೆ 13 ಸೆಂ.ಮೀ. ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ನಾನು 152, ನಮ್ಮ ಮನೆಯವರು 166. ಮಗಳು ಹೆಚ್ಚು ಕಡಿಮೆ 152ರ ಸುತ್ತಮುತ್ತ ಬರಬೇಕು. ಅಂಥ ಮಗು ಚಾರ್ಟಿನಲ್ಲಿ ಕೆಳಗಿನ ಗೆರೆಗಳ ನಡುವೆ ಎಲ್ಲೋ ಹೋಗುತ್ತಿರುತ್ತದೆ, ಚಾರ್ಟು ಬಿಟ್ಟು ಕೆಳಗೆ ಜಾರುವುದಿಲ್ಲ. ಮನೆತನದ ಲೆಕ್ಕ ನನ್ನ ಮಗಳ ಎತ್ತರಕ್ಕೆ ಸಾಲುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅಲ್ಲಿಗೆ ಬರುವ ಹೆಚ್ಚಿನ ಮಕ್ಕಳಿಗೆ ಕಾಯಿಲೆಯೇ ಇರುವುದಿಲ್ಲ. ಕೆಲವರು ಅಪ್ಪ ಅಮ್ಮನ ಹಾಗೆ ಗಿಡ್ಡ, ಅಷ್ಟೇ. ಕೆಲವರು ತಡವಾಗಿ ಬೆಳೆಯೋರು. ಅಪ್ಪ ಪಿಯುಸಿಯಲ್ಲಿ ದಿಢೀರನೆ ಉದ್ದ ಆಗಿದ್ದರೆ ಮಗನೂ ಹಾಗೇ ಆಗಬಹುದು. ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡಿದರೆ ಅದು ತಿಳಿಯುತ್ತದೆ. ಹನ್ನೊಂದರ ಹುಡುಗನ ಮೂಳೆಗೆ ಒಂಬತ್ತೇ ವಯಸ್ಸಾಗಿದ್ದರೆ ಅವನಿಗೆ ಬೆಳೆಯೋಕೆ ಇನ್ನೂ ಸಮಯ ಇದೆ ಅಂತ. ಮೇಡಂ ಇನ್ನೊಂದು ಮಾತು ಹೇಳಿದರು, ನನಗೆ ಬಹಳ ಉಪಯೋಗಕ್ಕೆ ಬಂದದ್ದು. ಊಟ ಸಾಲದೆಯೋ ಬೇರೆ ಕಾಯಿಲೆಯಿಂದಲೋ ಬೆಳವಣಿಗೆ ನಿಂತರೆ ಸಾಮಾನ್ಯವಾಗಿ ಮೊದಲು ತೂಕ ಇಳಿಯುತ್ತದೆ. ತೂಕ ಚೆನ್ನಾಗಿದ್ದು ಎತ್ತರ ಮಾತ್ರ ನಿಂತರೆ ಹಾರ್ಮೋನಿನ ಕಡೆ ನೋಡಬೇಕು.

ಅವತ್ತು ನಮ್ಮ ಪಕ್ಕದ ಕುರ್ಚಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗ ಕೂತಿದ್ದ. ಗುಂಡುಗುಂಡಗೆ, ಮಂಕಾಗಿ, ಜುಲೈ ತಿಂಗಳಲ್ಲೂ ಎರಡು ಸ್ವೆಟರ್. ಶಾಲೆಯಲ್ಲಿ ಸೋಮಾರಿ ಅಂತ ಹೆಸರು ಬಂದಿತ್ತಂತೆ. ಅವನಿಗಿದ್ದದ್ದು ಥೈರಾಯ್ಡ್ ಕೊರತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ, ಅಷ್ಟೇ ಚಿಕಿತ್ಸೆ. ಆರು ತಿಂಗಳು ಬಿಟ್ಟು ಅದೇ ಕಾರಿಡಾರಿನಲ್ಲಿ ಅವನನ್ನು ನೋಡಿದಾಗ ಗುರುತೇ ಸಿಗಲಿಲ್ಲ, ನೀರಿನ ಫಿಲ್ಟರ್ ಹತ್ತಿರ ಓಡಾಡುತ್ತಿದ್ದ. ಇದೇ ಕೊರತೆ ಹುಟ್ಟಿನಿಂದಲೇ ಇದ್ದು, ಮೊದಲ ವಾರಗಳಲ್ಲೇ ಮಾತ್ರೆ ಶುರುವಾಗದೆ ಹೋದರೆ ಬುದ್ಧಿ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೆರಿಗೆ ಹತ್ತಿರ ಇದ್ದರೆ, ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುತ್ತಾರಾ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ.

ನನ್ನ ಮಗಳಿಗೆ ಥೈರಾಯ್ಡ್ ಸರಿಯಿತ್ತು. ಕಿಡ್ನಿ, ಲಿವರ್, ಕ್ಯಾಲ್ಸಿಯಂ, ಹಿಮೋಗ್ಲೋಬಿನ್ ಎಲ್ಲ ಸರಿಯಿತ್ತು. ಮೇಡಂ ಅವಳ ಅಂಗೈ ಮಗುಚಿ ಗೆಣ್ಣು ನೋಡಿದರು, ಮೊಣಕೈ ನೋಡಿದರು, ಕತ್ತಿನ ಹಿಂದೆ ಕೂದಲು ಎಲ್ಲಿಗೆ ಮುಗಿಯುತ್ತದೆ ಅಂತ ನೋಡಿದರು. "ಪದೇ ಪದೇ ಕಿವಿ ಸೋರ್ತಿತ್ತಾ?" ಹೌದು, ಐದು ವರ್ಷದವರೆಗೂ. "ಹುಟ್ಟಿದಾಗ ಕೈ ಕಾಲು ಊದಿಕೊಂಡಿದ್ವಾ?"

ನನಗೆ ಮೈ ಜುಮ್ಮೆಂದಿತು. ಚೊಚ್ಚಲ ಹೆರಿಗೆ ತವರಿನ ಕಡೆಗೇ ಆಗಿತ್ತು. ಎಣ್ಣೆ ಹಚ್ಚಿ ಎರೆಯುವಾಗ ಅವ್ವ ಅಂದಿದ್ದಳು, "ಕೂಸಿನ ಪಾದ ನೋಡು, ಪೂರಿ ಉಬ್ಬಿದಂಗ ಉಬ್ಬ್ಯಾವು." ಕೇಳಿದ್ದಕ್ಕೆ ತಾನಾಗಿಯೇ ಇಳಿಯುತ್ತೆ ಅಂದಿದ್ದರು. ಇಳಿದೂ ಇತ್ತು. ನಾವು ಮರೆತಿದ್ದೆವು.

ಮೇಡಂ ಪಟ್ಟಿಯ ಕೊನೆಗೆ ಇನ್ನೊಂದು ಟೆಸ್ಟ್ ಬರೆದರು, ಕ್ಯಾರಿಯೋಟೈಪ್. ಹುಡುಗಿ ಕುಳ್ಳಗಿದ್ದು ಕಾರಣ ಸಿಗದಿದ್ದರೆ, ನೋಡೋಕೆ ಬೇರೇನೂ ಲಕ್ಷಣ ಇಲ್ಲದಿದ್ದರೂ, ಈ ಟೆಸ್ಟ್ ಮಾಡಿಸಲೇಬೇಕು ಅಂದರು. ರಕ್ತದ ಜೀವಕೋಶಗಳನ್ನು ಬೆಳೆಸಿ, ಕ್ರೋಮೋಸೋಮ್‌ಗಳನ್ನು ಒಂದೊಂದಾಗಿ ಎಣಿಸುತ್ತಾರೆ. ರಿಪೋರ್ಟಿಗೆ ಎರಡು ಮೂರು ವಾರ.

ರಿಪೋರ್ಟ್ ಪಿಡಿಎಫ್ ಆಗಿ ಫೋನಿಗೆ ಬಂತು, ಮಧ್ಯಾಹ್ನದ ಮೀಟಿಂಗಿನ ನಡುವೆ. 46 ಇರಬೇಕಾದ ಕಡೆ 45. ಟರ್ನರ್ ಸಿಂಡ್ರೋಮ್. ನಾನು ಕ್ಯಾಮೆರಾ ಆಫ್ ಮಾಡಿದೆ. ಮೈಕ್ ಆನ್ ಇದ್ದದ್ದು ಗೊತ್ತಾಗಲಿಲ್ಲ. ಟೀಮಿನವರು ಕೇಳಿಸಿಕೊಂಡೂ ಇವತ್ತಿನವರೆಗೆ ಆ ವಿಷಯ ಎತ್ತಿಲ್ಲ, ಅವರ ಋಣ ನನ್ನ ಮೇಲಿದೆ. (ಅಳೋ ಥರ ಬರೆಯಲ್ಲ ಅಂದಿದ್ದೆ. ಇದೊಂದಕ್ಕೆ ಮಾಫಿ ಸಿಕ್ಕಿದೆ.)

ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತವೆ. ಟರ್ನರ್‌ನಲ್ಲಿ ಅದರಲ್ಲೊಂದು ಪೂರ್ತಿಯೋ ಸ್ವಲ್ಪವೋ ಇರುವುದಿಲ್ಲ. ಹುಟ್ಟುವ ಸುಮಾರು 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅಮೆರಿಕದ ಒಕ್ಲಹೋಮಾದ ಡಾಕ್ಟರ್ ಹೆನ್ರಿ ಟರ್ನರ್ 1938ರಲ್ಲಿ ಇಂಥ ಏಳು ಜನರ ಬಗ್ಗೆ ಬರೆದರು. ಜರ್ಮನಿಯ ಉಲ್ರಿಚ್ 1930ರಲ್ಲೇ ಗುರುತಿಸಿದ್ದರು. ಕಾರಣ ಕಾಣೆಯಾದ ಕ್ರೋಮೋಸೋಮ್ ಅಂತ ಗೊತ್ತಾದದ್ದು 1959ರಲ್ಲಿ. ಬುದ್ಧಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಕೆಲವರಿಗೆ ಗಣಿತ, ದಿಕ್ಕು ದಾರಿ ಸ್ವಲ್ಪ ಕಷ್ಟ. ನನ್ನ ಮಗಳು ಕನ್ನಡದಲ್ಲಿ ತೊಂಬತ್ತೈದು ತರುತ್ತಾಳೆ, ಮಾಲ್‌ನಲ್ಲಿ ದಾರಿ ತಪ್ಪುತ್ತಾಳೆ.

ಯಾರ ತಪ್ಪು? ಎರಡು ವಾರ ನಾನೂ ನಮ್ಮ ಮನೆಯವರೂ ಬಾಯಲ್ಲಿ ಆಡದಿದ್ದರೂ ಒಬ್ಬರ ಮನೆತನವನ್ನು ಇನ್ನೊಬ್ಬರು ಜಾಲಾಡಿದೆವು. ಅತ್ತೆ ಗ್ರಹಣದ ಮಾತೆತ್ತಿದರು. ಅವ್ವ, ಬಸುರಿಯಲ್ಲಿ ನಾನು ಬೈಕ್ ಹತ್ತಿದ್ದನ್ನು ನೆನಪಿಸಿದಳು. ಮುಂದಿನ ಭೇಟಿಯಲ್ಲಿ ಮೇಡಂ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದರು: ಇದು ಮನೆತನದಿಂದ ಬಂದದ್ದಲ್ಲ, ತಾಯಿಯ ವಯಸ್ಸಿನಿಂದ ಅಲ್ಲ, ಸೋದರ ಸಂಬಂಧದಿಂದ ಅಲ್ಲ, ಬಸುರಿಯಲ್ಲಿ ಏನೋ ತಿಂದದ್ದರಿಂದ ಅಲ್ಲ. ಜೀವಕೋಶ ಒಡೆಯುವಾಗ ಆಕಸ್ಮಿಕವಾಗಿ ಆಗುವ ತಪ್ಪು. ಮನೆಗೆ ಬಂದು ಆ ಮಾತನ್ನು ಎರಡೂ ಕಡೆಯ ಹಿರಿಯರಿಗೆ ಸ್ಪೀಕರ್ ಫೋನಿನಲ್ಲಿ ಹೇಳಿದೆವು. ಸ್ಪೀಕರ್ ಫೋನ್ ಅಂತ ಬೇಕಂತಲೇ ಬರೆದಿದ್ದೇನೆ. ಒಬ್ಬೊಬ್ಬರಿಗೇ ಹೇಳಿದ್ದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಥೆ ಆಗುತ್ತಿತ್ತು.

ಎತ್ತರದ ಚಿಂತೆ ಆ ವಾರ ಹಿಂದೆ ಸರಿಯಿತು. ಟರ್ನರ್ ಅಂದ ಕೂಡಲೇ ಮೊದಲು ನೋಡಬೇಕಾದದ್ದು ಹೃದಯ. ಮಹಾಪಧಮನಿ ಒಂದು ಕಡೆ ಕಿರಿದಾಗಿರಬಹುದು, ಅದರ ಬಾಯಿಯ ಕವಾಟಕ್ಕೆ ಮೂರರ ಬದಲು ಎರಡೇ ಎಸಳಿರಬಹುದು. ನನ್ನ ಮಗಳದು ಎರಡೆಸಳಿನ ಕವಾಟ. ಸದ್ಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಎಕೋ ಮಾಡಿಸುತ್ತಾ, ಬಿಪಿ ನೋಡಿಕೊಳ್ಳುತ್ತಾ ಜೀವನಪೂರ್ತಿ ಕಣ್ಣಿಟ್ಟಿರಬೇಕು. ಎತ್ತರದ ನೆಪದಲ್ಲಿ ಹೋಗದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. 'ಹೆಣ್ಣು ಹುಡುಗಿ ಗಿಡ್ಡಾದರ ಏನಾತು' ಅಂತ ನಕ್ಕ ನಗುವಿಗೆ ಎಷ್ಟು ಬೆಲೆ ತೆರಬೇಕಾಗುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಎಕೋ ರೂಮಿನ ಕತ್ತಲಲ್ಲಿ. ಗಿಡ್ಡ ಅಂತ ಗಂಡು ಮಕ್ಕಳನ್ನು ಬೇಗ ಕರೆತರುತ್ತಾರೆ, ಹೆಣ್ಣುಮಕ್ಕಳನ್ನು ದೊಡ್ಡವರಾಗಲಿಲ್ಲ ಅಂತ ಹದಿನೈದು ಹದಿನಾರಕ್ಕೆ ತರುತ್ತಾರೆ, ಅಷ್ಟರಲ್ಲಿ ಎತ್ತರಕ್ಕೆ ಮಾಡಬಹುದಾದದ್ದು ಬಹಳ ಕಡಿಮೆ ಉಳಿದಿರುತ್ತದೆ ಅಂದರು ಮೇಡಂ.

ಎತ್ತರಕ್ಕೆ ಇರುವುದು ಗ್ರೋತ್ ಹಾರ್ಮೋನ್ ಇಂಜೆಕ್ಷನ್. ವಿಚಿತ್ರ ಏನೆಂದರೆ ಟರ್ನರ್ ಮಕ್ಕಳಲ್ಲಿ ಸಾಮಾನ್ಯವಾಗಿ ಆ ಹಾರ್ಮೋನ್ ಕಡಿಮೆ ಇರುವುದಿಲ್ಲ. ಕಾಣೆಯಾದ ಎಕ್ಸ್‌ನ ಜೊತೆ ಮೂಳೆ ಬೆಳೆಸುವ ಒಂದು ಜೀನಿನ ಪ್ರತಿಯೂ ಹೋಗಿರುತ್ತದೆ, ಅದನ್ನು ಸರಿದೂಗಿಸಲು ಹೆಚ್ಚುವರಿ ಹಾರ್ಮೋನ್ ಕೊಡುತ್ತಾರೆ. ಹಿಂದೆ, 1950ರ ದಶಕದ ಕೊನೆಯಿಂದ, ಈ ಔಷಧಿಯನ್ನು ತೀರಿಹೋದವರ ಮೆದುಳಿನ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರಂತೆ. ಅದರಿಂದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ಅಂಟಿದ್ದು ಗೊತ್ತಾಗಿ 1985ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನ್ ಅಲ್ಲಿ ಬಳಕೆಗೆ ಬಂತು. ಈಗ ಎಲ್ಲ ಕಡೆ ಸಿಗುವುದು ಇಂಥದ್ದೇ.

ಮೇಡಂ ಆಸೆ ಹುಟ್ಟಿಸಲಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಟರ್ನರ್ ಇರುವವರು ಉಳಿದ ಹೆಂಗಸರಿಗಿಂತ ಸರಾಸರಿ 20 ಸೆಂ.ಮೀ. ಗಿಡ್ಡ. ಇಂಜೆಕ್ಷನ್‌ನಿಂದ ಸರಾಸರಿ ಐದರಿಂದ ಎಂಟು ಸೆಂ.ಮೀ. ಗಳಿಸಬಹುದು, ನಾಲ್ಕೈದು ವರ್ಷಕ್ಕೇ ಶುರು ಮಾಡಿದ್ದರೆ ಇನ್ನೂ ಚೆನ್ನಾಗಿತ್ತು, ನಾವು ಹತ್ತಕ್ಕೆ ಬಂದಿದ್ದೇವೆ. ಡೋಸು ತೂಕಕ್ಕೆ ತಕ್ಕಂತೆ, ಅಂದರೆ ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ನಮ್ಮ ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲಿಲ್ಲ. ಕೆಲವು ತಿಂಗಳು ಔಷಧಿ ಬಿಲ್ಲು ಮನೆ ಬಾಡಿಗೆಯನ್ನು ದಾಟಿತು. ಸೈಟ್ ಕೊಳ್ಳಲು ಇಟ್ಟಿದ್ದ ದುಡ್ಡು ಹಾಗೆ ಕರಗಿತು. ಎಂಟು ಸೆಂ.ಮೀ.ಗೆ ಇಷ್ಟೆಲ್ಲಾನಾ ಅಂತ ಕೇಳಿದವರಿದ್ದಾರೆ. ಬಸ್ಸಿನ ಹಿಡಿಕೆ, ಅಡುಗೆಮನೆಯ ಶೆಲ್ಫು, ಸ್ಕೂಟಿಯಲ್ಲಿ ಕೂತಾಗ ನೆಲಕ್ಕೆ ತಾಗುವ ಕಾಲು, ಇವನ್ನೆಲ್ಲ ಅಳೆದು ನೋಡಿ, ನಮ್ಮ ಮಟ್ಟಿಗೆ ಹೌದು ಅಂದುಕೊಂಡೆವು. ಬೇಡ ಅಂತ ತೀರ್ಮಾನ ಮಾಡುವ ಮನೆಯವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಹೃದಯದ ಪರೀಕ್ಷೆಯನ್ನೂ, ಮುಂದಿನ ಈಸ್ಟ್ರೋಜನ್ ಅನ್ನೂ ಬಿಡುವ ಹಾಗಿಲ್ಲ.

ರಾತ್ರಿ ಮಲಗುವ ಮುಂಚೆ, ವಾರಕ್ಕೆ ಆರು ದಿನ, ಪೆನ್ನಿನಂಥ ಸೂಜಿಯಿಂದ ತೊಡೆಗೋ ಹೊಟ್ಟೆಗೋ. ಮೊದಲ ತಿಂಗಳು ನಾನು ಚುಚ್ಚಿದೆ, ಆಮೇಲೆ ಅವಳೇ ಕಲಿತಳು. ನಾಲ್ಕು ವರ್ಷದಲ್ಲಿ ಸಾವಿರದ ಇನ್ನೂರು ದಾಟಿದೆ. ಊರಿಗೆ ಹೋಗುವಾಗ ಒಂದು ಸಣ್ಣ ಕೋಲ್ಡ್ ಬಾಕ್ಸ್ ನಮ್ಮ ಜೊತೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುತ್ತದೆ. ಒಮ್ಮೆ ಐಸ್ ಪ್ಯಾಕಿಗೆ ಔಷಧಿ ತಾಗಿ ಹೆಪ್ಪುಗಟ್ಟಿತು. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಇಡೀ ಕಾರ್ಟ್ರಿಡ್ಜ್ ಎಸೆದೆ, ನನ್ನದೇ ತಪ್ಪು. ಅದಾದ ಮೇಲೆ ಊರಲ್ಲಿ ಕರೆಂಟ್ ಹೋದಾಗಲೆಲ್ಲ ಅವ್ವ ಫ್ರಿಜ್ಜಿನ ಬಾಗಿಲು ಯಾರಿಗೂ ತೆಗೆಯಗೊಡುವುದಿಲ್ಲ. ಮೊಸರು ಬೇಕಾದವರು ಕರೆಂಟ್ ಬರುವವರೆಗೆ ಕಾಯಬೇಕು.

ಮೊದಲ ವರ್ಷ ಏಳೂವರೆ ಸೆಂ.ಮೀ. ಬೆಳೆದಳು. ಆ ಜೂನಿನಲ್ಲಿ ಹಳೆಯ ಯೂನಿಫಾರ್ಮ್ ಮೊಣಕಾಲಿನ ಮೇಲೆ ನಿಂತದ್ದು ನೋಡಿ ನಾನು ಟೈಲರ್ ಅಂಗಡಿಗೆ ನಡೆದುಕೊಂಡು ಹೋಗಲಿಲ್ಲ, ಓಡಿದೆ.

ಹನ್ನೆರಡಕ್ಕೆ ಈಸ್ಟ್ರೋಜನ್ ಶುರುವಾಯಿತು. ಟರ್ನರ್ ಇರುವ ಹೆಚ್ಚಿನ ಹುಡುಗಿಯರಲ್ಲಿ ಅಂಡಾಶಯ ಕೆಲಸ ಮಾಡುವುದಿಲ್ಲ, ಹಾಗಾಗಿ ದೇಹ ತಾನಾಗಿ ಹರೆಯಕ್ಕೆ ಕಾಲಿಡುವುದಿಲ್ಲ. ತೀರ ಕಡಿಮೆ ಡೋಸಿನಿಂದ ಶುರು ಮಾಡಿ, ಎರಡು ಮೂರು ವರ್ಷಗಳಲ್ಲಿ ನಿಧಾನಕ್ಕೆ ಏರಿಸುತ್ತಾರೆ. ಮೈ ತುಂಬಿಕೊಳ್ಳಲು ಅಷ್ಟೇ ಅಲ್ಲ, ಮೂಳೆ ಗಟ್ಟಿಯಾಗಲು, ಗರ್ಭಕೋಶ ಬೆಳೆಯಲು ಕೂಡ ಅದು ಬೇಕು. ಆದರೆ ಊರಲ್ಲಿ ಮದುವೆ ಮುಂಜಿಗೆ ಹೋದರೆ ಪ್ರಶ್ನೆ ಒಂದೇ: "ಇನ್ನೂ ದೊಡ್ಡಾಕಿ ಆಗಿಲ್ಲೇನ? ಇಷ್ಟ ಸಣ್ಣಾಕಿ ಕಾಣ್ತಾಳ!" ಮೊದಮೊದಲು ನಾನು ಮಾತು ಮರೆಸುತ್ತಿದ್ದೆ. ಒಂದು ಸಲ ಅಪ್ಪ, ಎಲೆ ಅಡಿಕೆ ಮೆಲ್ಲುತ್ತಾ, "ಆಗ್ತಾಳ ಬಿಡ್ರಿ, ನಿಮ್ಮನ್ನೇನು ಆರತಿಗೆ ಕರೀದ ಬಿಡ್ತೀವೇನ್ರಿ?" ಅಂದು ಕೇಳಿದವರ ಬಾಯಿ ಮುಚ್ಚಿಸಿದರು.

ಮಕ್ಕಳಾಗುವ ವಿಷಯವನ್ನು ಅವಳಿಗೆ ಹೇಗೆ ಹೇಳೋದು? ನಮ್ಮ ಕಡೆಯವರೆಲ್ಲ, ಹೇಳಲೇಬೇಡಿ, ಮುಂದೆ ಮದುವೆಗೆ ತ್ರಾಸ ಅಂದರು. ಮೇಡಂ, ಮುಚ್ಚಿಡಬೇಡಿ, ವಯಸ್ಸಿಗೆ ತಕ್ಕಷ್ಟು, ಅವಳು ಕೇಳಿದಷ್ಟು, ಸುಳ್ಳಿಲ್ಲದೆ ಹೇಳಿ ಅಂದರು. ನಾನು ಸರಿಯಾದ ದಿನಕ್ಕಾಗಿ ಕಾಯುತ್ತಾ ಕೂತೆ. ಅಷ್ಟರಲ್ಲಿ ಅವಳೇ ಕೇಳಿಬಿಟ್ಟಳು.

2023ರ ಚಳಿಗಾಲ. ಅವ್ವನದೊಂದು ಹರಕೆ ಇತ್ತು. ನಮ್ಮೂರ ಕಾಂತೇಶ, ಸಾತೇನಹಳ್ಳಿ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಮೂರೂ ಹನುಮಪ್ಪರನ್ನು ಒಂದೇ ದಿನ ನೋಡಬೇಕು. ನಮ್ಮ ಭಾಗದವರಿಗೆ ಇದು ಗೊತ್ತಿರುವ ಪದ್ಧತಿ. "ಸಮುದ್ರ ಹಾರಾಕ ಗುಡ್ಡದಷ್ಟು ಬೆಳದಾವ, ನನ್ನ ಮೊಮ್ಮಗಳನ್ನ ನಾಕ ಬೆರಳು ಬೆಳಸೂದಿಲ್ಲೇನ" ಅನ್ನೋದು ಅವಳ ವಾದ. ಬೆಳಿಗ್ಗೆ ಊರ ಗುಡಿಯಲ್ಲಿ ಕೈ ಮುಗಿದು ಹೊರಟೆವು. ಸಾತೇನಹಳ್ಳಿ ಮುಗಿಸಿ ಶಿಕಾರಿಪುರದ ದಾರಿಯಲ್ಲಿದ್ದೆವು. ಅಪ್ಪ ಡ್ರೈವರ್ ಪಕ್ಕ, ಹಿಂದೆ ನಾವು ಮೂವರು. ಕಟಾವಾದ ಗೋವಿನಜೋಳದ ಹೊಲ ನೋಡುತ್ತಿದ್ದ ಮಗಳು, ಮುಖ ತಿರುಗಿಸದೆ ಕೇಳಿದಳು.

"ಮಮ್ಮಿ, ನಂಗೆ ಪಾಪು ಆಗಲ್ವಾ? ಗೂಗಲ್‌ನಲ್ಲಿ ಇತ್ತು."

ಕಾರಿನಲ್ಲಿ ಹಾಡು ನಡೆಯುತ್ತಿತ್ತು. ಡ್ರೈವರ್ ತಾನಾಗಿಯೇ ಸೌಂಡ್ ಕಡಿಮೆ ಮಾಡಿದ.

ನಾನು ಹೇಳಿದೆ: ನಿನ್ನ ದೇಹ ತಾನಾಗಿ ಅಂಡಾಣು ಮಾಡೋದು ತುಂಬಾ ಕಷ್ಟ. ಗರ್ಭಕೋಶ ಇದೆ, ಅದು ಔಷಧಿಯಿಂದ ಬೆಳೆಯುತ್ತೆ. ದೊಡ್ಡವಳಾದ ಮೇಲೆ ಬೇರೆಯವರು ಕೊಟ್ಟ ಅಂಡಾಣುವಿನಿಂದ ಕೆಲವರಿಗೆ ಪಾಪು ಆಗುತ್ತೆ. ಆದರೆ ನಿನ್ನ ಹಾರ್ಟ್ ಅದಕ್ಕೆ ಒಪ್ಪುತ್ತಾ ಅಂತ ಡಾಕ್ಟರ್ ಮೊದಲು ನೋಡಬೇಕು. ದತ್ತು ತಗೋಬಹುದು. ಏನೂ ಬೇಡ ಅಂತಲೂ ಇರಬಹುದು. ಇಷ್ಟನ್ನು ಮನಸ್ಸಿನಲ್ಲಿ ಎರಡು ವರ್ಷ ಉರು ಹೊಡೆದಿದ್ದೆ, ಆದರೂ ದನಿ ನಡುಗಿತು.

ಅವಳು ಏನೂ ಅನ್ನಲಿಲ್ಲ. ಮಾತಾಡಿದ್ದು ಅವ್ವ. ಎಂಟು ಸೆಂ.ಮೀ., ಕ್ರೋಮೋಸೋಮು, ಯಾವುದೂ ಅವಳಿಗೆ ಅರ್ಥವಾಗಿರಲಿಲ್ಲ. "ಕೂಸ, ಇಲ್ಲೆ ಕೇಳು. ಮುಂದ ಕುಂತಾನಲ್ಲ ನಿಮ್ಮಜ್ಜ, ಅವನ್ನ ಹೆತ್ತಾಕಿ ಒಬ್ಬಾಕಿ, ಸಾಕಿದಾಕಿ ಒಬ್ಬಾಕಿ. ಅವರ ದೊಡ್ಡವ್ವಗ ಮಕ್ಕಳಿರಲಿಲ್ಲ, ಮೂರು ತಿಂಗಳ ಕೂಸಿದ್ದಾಗ ಉಡಿಯಾಗ ಹಾಕ್ಕೊಂಡ್ಲು. ಇವ ಅವ್ವಾ ಅಂದದ್ದು ಆಕಿಗೇ."

ಮಗಳು ಮುಂದಿನ ಸೀಟಿನ ಕಡೆ ಬಗ್ಗಿದಳು. "ಹೌದಾ ಅಜ್ಜ?"

"ಹೌದು" ಅಂದರು ಅಪ್ಪ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಶೇಂಗಾ ಹೋಳಿಗಿ ಭಾಳ ಚಲೋ ಮಾಡ್ತಿದ್ಲು" ಅಂದರು.

ಶಿಕಾರಿಪುರದ ಗುಡಿಯಲ್ಲಿ ಸಾಲು ಉದ್ದ ಇತ್ತು. ಮಗಳು ಅಜ್ಜನ ಪಕ್ಕ ನಿಂತು ಆ ದೊಡ್ಡವ್ವನ ಬಗ್ಗೆ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿದ್ದಳು. ನಾನು ಎರಡು ಹೆಜ್ಜೆ ಹಿಂದೆ ಉಳಿದೆ. ಅದೇ ಮಾತನ್ನು ಅವಳು ಆಮೇಲೆ ಮೂರ್ನಾಲ್ಕು ಸಲ ಬೇರೆ ಬೇರೆ ರೀತಿ ಕೇಳಿದ್ದಾಳೆ. ಒಂದು ಸಲ ಬಾಗಿಲು ಹಾಕಿಕೊಂಡು ಅತ್ತಿದ್ದಾಳೆ. ಅಜ್ಜಿಯ ಒಂದು ಕಥೆಯಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಓದುತ್ತಿರುವವರಲ್ಲಿ ಮಕ್ಕಳಿರುವವರು, ಅಕ್ಕ ತಂಗಿಯರ ಮಕ್ಕಳನ್ನು ಎತ್ತಿ ಆಡಿಸುವವರು ಇರುತ್ತೀರಿ. ಲಸಿಕೆ ನಡೆಯುವವರೆಗೆ ತಾಯಿ ಕಾರ್ಡಿನಲ್ಲಿ ಯಾರಾದರೂ ಏನಾದರೂ ಬರೆಯುತ್ತಾರೆ. ಲಸಿಕೆ ಮುಗಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಮಗುವನ್ನು ಯಾರೂ ಅಳೆಯುವುದಿಲ್ಲ. ಆರು ತಿಂಗಳಿಗೊಮ್ಮೆ, ಬೆಳಗಿನ ಹೊತ್ತು (ಸಂಜೆಗೆ ನಾವೆಲ್ಲ ಒಂದಿಷ್ಟು ಕುಗ್ಗಿರುತ್ತೇವೆ), ಅದೇ ಗೋಡೆಗೆ ನಿಲ್ಲಿಸಿ ಅಳೆದು, ತಾರೀಕು ಹಾಕಿ ಫೋನಿನಲ್ಲೇ ಬರೆದಿಡಿ. ತೀರ ನಿಧಾನ ಬೆಳವಣಿಗೆಯ ಹಾಗೆಯೇ ತೀರ ಬೇಗ ಬೆಳೆಯೋದೂ ತೋರಿಸಬೇಕಾದ್ದೇ. ಎಂಟು ತುಂಬುವ ಮೊದಲೇ ಹುಡುಗಿಗೆ, ಒಂಬತ್ತಕ್ಕೆ ಮೊದಲೇ ಹುಡುಗನಿಗೆ ಹರೆಯದ ಗುರುತು ಕಂಡರೆ ಕಾಯಬೇಡಿ. ಈಗ ದಿಢೀರನೆ ಉದ್ದ ಕಂಡ ಮಗುವಿನ ಮೂಳೆ ಬೇಗ ಕೂಡಿಕೊಂಡು ಕೊನೆಗೆ ಗಿಡ್ಡವೇ ಉಳಿಯಬಹುದು.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆವು. ಮಗಳೀಗ 138 ಸೆಂ.ಮೀ., ಅಪ್ಪನ ಲೆಕ್ಕದಲ್ಲಿ 4 ಅಡಿ 6 ಇಂಚು ಚಿಲ್ಲರೆ. ಇನ್ನು ಹೆಚ್ಚು ಬೆಳೆಯುವುದಿಲ್ಲ, ಇಂಜೆಕ್ಷನ್ ಇಷ್ಟರಲ್ಲೇ ನಿಲ್ಲುತ್ತದೆ. ಅಪ್ಪ ಪಂಚಾಂಗ ಇಟ್ಟು ಅಳೆದು ಬರೆದುಕೊಂಡರು. ಆಮೇಲೆ ಅವಳು ಟೇಪು ಕಸಿದುಕೊಂಡು, "ಈಗ ನೀನು ನಿಲ್ಲು" ಅಂತ ಅಜ್ಜನನ್ನು ಗೋಡೆಗೆ ನಿಲ್ಲಿಸಿದಳು. ಚಪ್ಪಲಿ ತೆಗೆಸಿದಳು, ಟೋಪಿ ತೆಗೆಸಿದಳು, ಹಿಮ್ಮಡಿ ಸರಿ ಮಾಡಿಸಿದಳು, ಗಲ್ಲ ಕೆಳಗೆ ಅಂದಳು. ತಲೆ ಎಟುಕಲಿಲ್ಲ, ಸ್ಟೂಲ್ ತಂದಳು. ಅಪ್ಪ ಕೆಲಸಕ್ಕೆ ಸೇರುವಾಗಿನ ಸರ್ಟಿಫಿಕೇಟಿನಲ್ಲಿ 5 ಅಡಿ 5 ಇಂಚು ಅಂತ ಇತ್ತಂತೆ.

"5 ಅಡಿ 3½. ಅಜ್ಜ, ಒಂದೂವರೆ ಇಂಚು ಎಲ್ಲಿ ಹೋಯ್ತು?"

"ತೂಕದಾಗ ಸೋಡಿ ಹೋಗಿರಬೇಕು" ಅಂದರು ಅಪ್ಪ.

ಅವಳು ಡೈರಿ ತೆಗೆದು, ತನ್ನ ಅಂಕಿಯ ಕೆಳಗೆ, ತಾರೀಕು ಹಾಕಿ ಅದನ್ನೂ ಬರೆದಳು.